ಲಾರ್ಡ್, ಲೇಡಿ ಮತ್ತು ರೊಟ್ಟಿ

‘ಲಾರ್ಡ್’ ಪದದ ಹುಟ್ಟು ಅಡುಗೆಮನೆಯ ಪಕ್ಕದಲ್ಲೇ ಆಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ಹ್ಲಾಫ್‌ವೆಅರ್ಡ್: ‘ಹ್ಲಾಫ್’ ಎಂದರೆ ರೊಟ್ಟಿ, ‘ವೆಅರ್ಡ್’ ಎಂದರೆ ಕಾಯುವವನು. ಹ್ಲಾಫ್ ಇಂದಿನ ‘ಲೋಫ್’ ಆಗಿದೆ. ನಮ್ಮ ಹಾಸ್ಟೆಲಿನ ‘ವಾರ್ಡನ್’ ವೆಅರ್ಡ್‌ನ ದಾಯಾದಿ. ಆದರೆ ಫ್ರೆಂಚ್ ಕಡೆಯಿಂದ ಸುತ್ತಿ ಬಂದವನು.

ರೊಟ್ಟಿ ಕಾಯುವವನಿದ್ದರೆ ತಿನ್ನುವವನೂ ಇರಬೇಕಲ್ಲ? ಸುಮಾರು ಕ್ರಿ.ಶ. 600ರ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ದೊರೆ ಎಥೆಲ್‌ಬರ್ಟನ ಕಾನೂನಿನಲ್ಲಿ ಅವನು ಸಿಗುತ್ತಾನೆ. ಆಳಿಗೆ ಅಲ್ಲಿರುವ ಹೆಸರು ‘ಹ್ಲಾಫ್‌ಎಟ’, ರೊಟ್ಟಿ ತಿನ್ನುವವನು. ಸಾಮಾನ್ಯ ರೈತನ ಇಂಥ ಆಳನ್ನು ಕೊಂದರೆ ದಂಡ 6 ಶಿಲಿಂಗ್. ಹಳಗನ್ನಡ ಓದಿದವರಿಗೆ ಇಲ್ಲಿ ‘ಜೋಳವಾಳಿ’ ನೆನಪಾಗಬೇಕು: ಒಡೆಯನ ಜೋಳ ಉಂಡ ಋಣಕ್ಕೆ ಪ್ರಾಣ ಕೊಡುವ ಕಟ್ಟುಪಾಡು. ಎರಡಕ್ಕೂ ಪದಸಂಬಂಧವಿಲ್ಲ, ಯೋಚನೆ ಮಾತ್ರ ಒಂದೇ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಹೋಲಿಕೆಯನ್ನು ನಂಟು ಎಂದು ಬರೆದುಬಿಡಬೇಡಿ.

ಪದ ಸವೆದ ಕ್ರಮ ಹೀಗೆ. ಎರಡನೆಯ ಭಾಗದ ಮೇಲೆ ಒತ್ತು ಇಲ್ಲದ್ದರಿಂದ ಅದು ಕುಗ್ಗಿ ‘ಹ್ಲಾಫೊರ್ಡ್’ ಆಯಿತು. ಎರಡು ಸ್ವರಗಳ ನಡುವಿನ ಫಕಾರವನ್ನು ವಕಾರವಾಗಿ ನುಡಿಯುತ್ತಿದ್ದರು. ಮುಂದೆ ಮೊದಲ ಹಕಾರ ಬಿತ್ತು, ಇಂಗ್ಲೆಂಡಿನ ದಕ್ಷಿಣದಲ್ಲಿ ‘ಆ’ ‘ಓ’ ಆಯಿತು: ‘ಲೋವರ್ಡ್’. ಕೊನೆಗೆ ವಕಾರವೂ ಹೋಗಿ ‘ಲಾರ್ಡ್’. ಉತ್ತರದಲ್ಲಿ ‘ಆ’ ಆ ದಾರಿ ಹಿಡಿಯಲಿಲ್ಲ. ಸ್ಕಾಟ್ಲೆಂಡಿನ ಜಮೀನ್ದಾರ ಇಂದಿಗೂ ‘ಲೇರ್ಡ್’.

‘ಲೇಡಿ’ಯಲ್ಲಿ ತಪ್ಪುವವರು ಹೆಚ್ಚು. ಹುಡುಗ ಎನ್ನುವ ಅರ್ಥದ ‘ಲ್ಯಾಡ್’ಗೂ ಇದಕ್ಕೂ ಸಂಬಂಧವಿಲ್ಲ. ಮೂಲರೂಪ ‘ಹ್ಲ್ಯಾಫ್‌ದೀಯೆ’, ರೊಟ್ಟಿಯ ಹಿಟ್ಟು ನಾದುವವಳು. ಮುಂದಿನ ‘ಇ’ಕಾರದ ಸೆಳೆತಕ್ಕೆ ಹಿಂದಿನ ‘ಆ’ ‘ಆ್ಯ’ ಆಗಿದೆ. ಅದಕ್ಕೇ ಲೋಫ್ ಮತ್ತು ಲೇಡಿ ಒಂದೇ ಮನೆಯವು ಅನ್ನಿಸುವುದಿಲ್ಲ. ‘ದೀಯೆ’ ಒಂಟಿಯಾಗಿ ಎಲ್ಲೂ ಸಿಗದ ಪದ. ನಾದಿದ ಹಿಟ್ಟಿಗಿರುವ ‘ಡೋ’ ಪದದ ಜೊತೆಗಿಟ್ಟು ಅದರ ಅರ್ಥ ತೆಗೆದಿದ್ದಾರೆ.

ಈ ‘ಡೋ’ದ ಬೇರು, ಇಂಗ್ಲಿಷ್ ಸಂಸ್ಕೃತ ಎರಡಕ್ಕೂ ಮೂಲವೆಂದು ವಿದ್ವಾಂಸರು ಊಹಿಸಿರುವ ಇಂಡೋ-ಯುರೋಪಿಯನ್ ಭಾಷೆಯ ‘ಧೈಘ್’: ನಾದು, ಮೆತ್ತು, ರೂಪ ಕೊಡು. ಸಂಸ್ಕೃತದ ‘ದಿಹ್’ ಧಾತು, ‘ದೇಹ’ ಎರಡೂ ಇದರವೇ. ಒಂದೇ ಬೇರಿನಲ್ಲಿ ಎರಡು ಮಹಾಪ್ರಾಣ ಬಂದರೆ ಸಂಸ್ಕೃತದಲ್ಲಿ ಮೊದಲನೆಯದು ಅಲ್ಪಪ್ರಾಣವಾಗುತ್ತದೆ. ಹಾಗಾಗಿಯೇ ಅದು ‘ಧೇಹ’ ಅಲ್ಲ, ‘ದೇಹ’. ಕನ್ನಡಕ್ಕೆ ಇದು ಎರವಲು. ನಮ್ಮದೇ ಪದಗಳು ಮೈ, ಒಡಲು. ಅವನ್ನು ಈ ಬೇರಿನ ಪದಗಳ ಪಟ್ಟಿಗೆ ಸೇರಿಸಿದರೆ ಅಂಕ ಹೋಗುತ್ತದೆ.