ಮರ ಬಾಗುವುದು ನೀರಿಗಲ್ಲ, ಬಿಸಿಗೆ

ಮೊದಲ ಪಟ್ಟಿ ಮುರಿದದ್ದು ಒಂದು ಭಾನುವಾರ ಬೆಳಗ್ಗೆ. ಎರಡು ಮಿಲಿಮೀಟರ್ ದಪ್ಪದ, ಬಾಸ್‌ವುಡ್ ಎಂಬ ಮೆದು ಮರದ್ದು. ಇಡೀ ರಾತ್ರಿ ಬಚ್ಚಲುಮನೆಯ ಬಕೆಟ್ಟಿನಲ್ಲಿ ನೆನೆದಿತ್ತು. ಮನೆಯಲ್ಲಿ ಕಟ್ಟುತ್ತಿದ್ದ ಮಾದರಿ ಹಡಗಿನ ಮೂತಿಗೆ ಹಿಡಿದು ನಿಧಾನಕ್ಕೆ ಬಗ್ಗಿಸಿದೆ. ಟಪ್ ಅಂತು. "ಇನ್ನೊಂದು ದಿನ ನೆನೆಯಬೇಕಿತ್ತೇನೋ" ಅಂದರು ಭಾವ. ಎರಡು ದಿನ ನೆನೆಹಾಕಿದ್ದೂ ಮುರಿಯಿತು.

ನಾನು, ಭಾವ, ಅಕ್ಕನ ಮಗಳು ಸೇರಿ ಕಟ್ಟುತ್ತಿರುವುದು ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಹಾಯಿಹಡಗಿನ ಮಾದರಿ. ಅಳತೆ ಐವತ್ತಕ್ಕೆ ಒಂದು. ನಿಜವಾದ ಹಡಗಿನ ಒಡಲು ಸುಮಾರು 46 ಮೀಟರ್ ಉದ್ದ, ನಮ್ಮದು 92 ಸೆಂಟಿಮೀಟರ್. ಈ ಹಡಗನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಇದು ಬ್ರಿಟಿಷ್ ನೌಕಾಪಡೆಯ ಹಡಗು, ಆದರೆ ಕಟ್ಟಿದ್ದು ಮುಂಬಯಿಯಲ್ಲಿ. ನೆಪೋಲಿಯನ್ ಜೊತೆಗಿನ ಯುದ್ಧದಲ್ಲಿ ಹಡಗಿನ ಮೇಲೆ ಹಡಗು ಕಟ್ಟಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಅಭಾವ ಬಂದಿತ್ತು. ನಮ್ಮಲ್ಲಿ ತೇಗ ಇತ್ತು. ತೇಗಕ್ಕಿಂತ ಹೆಚ್ಚಾಗಿ, ವಾಡಿಯಾ ಎಂಬ ಪಾರ್ಸಿ ಮನೆತನದ ಕೈಕೆಲಸ ಇತ್ತು. ಇದರ ನಕ್ಷೆಗಳನ್ನು ಹೊತ್ತು ಹೊರಟ ಜಾವಾ ಎಂಬ ಹಡಗು 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಹತ್ತಿರ ಅಮೆರಿಕನ್ನರ ಕೈಗೆ ಸಿಕ್ಕಿ ನಾಶವಾಯಿತು. ಇನ್ನೊಂದು ಸಲ ನಕ್ಷೆ ಕಳಿಸಬೇಕಾಯಿತು. ಕೆಲಸ ಶುರುವಾದದ್ದು 1816ರಲ್ಲಿ, ಹಡಗು ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಇವತ್ತಿಗೂ ಅದು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ನೀರಿನ ಮೇಲಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದೇ. ಇನ್ನೂರು ವರ್ಷ ದಾಟಿದ ತೇಗ!

ಮುರಿದ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಈ ಹವ್ಯಾಸಕ್ಕೆ ಹೊಸದಾಗಿ ಬಂದ ಯಾರನ್ನು ಕೇಳಿದರೂ "ಚೆನ್ನಾಗಿ ನೆನೆಸಿ, ಮರ ಮೆತ್ತಗಾಗುತ್ತದೆ" ಅಂತಾರೆ. ಇದು ತಪ್ಪು. ಹೀಗೆ ನಂಬಿ ಎಷ್ಟೋ ಜನ ಅರ್ಧ ಹಡಗು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ ಅನ್ನುವುದೇ ನನ್ನ ಸಂಕಟ.

ಮರದೊಳಗೆ ಏನಿದೆ ನೋಡಿ. ಉದ್ದುದ್ದ ಸೆಲ್ಯುಲೋಸ್ ನಾರುಗಳಿವೆ, ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತು ಇದೆ. ಕಡಲೆಬೀಜದ ಚಿಕ್ಕಿ ನೆನಪಿಸಿಕೊಳ್ಳಿ. ಒಲೆಯಿಂದ ಇಳಿಸಿದಾಗ ಬೆಲ್ಲದ ಪಾಕ ಬಿಸಿಯಾಗಿರುತ್ತದೆ, ತಟ್ಟಿದ ಹಾಗೆ ಹರಡುತ್ತದೆ, ಮಡಚಿದರೆ ಮಡಚಿಕೊಳ್ಳುತ್ತದೆ. ಆರಿದ ಮೇಲೆ ಬಗ್ಗಿಸಿ ನೋಡಿ, ಪಟಕ್ಕನೆ ಮುರಿಯುತ್ತದೆ. ಬೀಜ ಅದೇ, ಬೆಲ್ಲ ಅದೇ. ಬದಲಾದದ್ದು ಬಿಸಿ ಮಾತ್ರ. ಲಿಗ್ನಿನ್ ಮರದ ಬೆಲ್ಲ. ಅಥವಾ ಪೊರಕೆಕಡ್ಡಿಯ ಕಟ್ಟನ್ನು ತೆಗೆದುಕೊಳ್ಳಿ. ಬಿಗಿಯಾಗಿ ಕಟ್ಟಿದ್ದರೆ ಅದು ದೊಣ್ಣೆಯ ಹಾಗೆ ಸೆಟೆದು ನಿಲ್ಲುತ್ತದೆ. ಕಟ್ಟು ಸಡಿಲಿಸಿ, ಕಡ್ಡಿಗಳು ಒಂದರ ಪಕ್ಕ ಒಂದು ಜಾರುತ್ತವೆ, ಇಡೀ ಕಂತೆ ಬಾಗುತ್ತದೆ. ಬಿಸಿ ಮಾಡುವುದು ಈ ಕಟ್ಟು ಸಡಿಲಿಸುವ ಕೆಲಸ. ಆರಿದಾಗ ಅದು ಹೊಸ ಆಕಾರದಲ್ಲೇ ಮತ್ತೆ ಬಿಗಿಯುತ್ತದೆ.

ಹಾಗಾದರೆ ನೀರು ಬೇಡವೇ? ಬೇಕು, ಆದರೆ ಸಹಾಯಕ್ಕೆ. ಒದ್ದೆ ಮರದಲ್ಲಿ ಲಿಗ್ನಿನ್ ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಪೂರ್ತಿ ಒಣಗಿದ್ದರೆ ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು, ಅಷ್ಟರಲ್ಲಿ ಮೇಲ್ಮೈ ಸೀದುಹೋಗುತ್ತದೆ. ಬಕೆಟ್ಟಿನ ತಣ್ಣೀರಿನಲ್ಲಿ ಎಷ್ಟು ದಿನ ಇಟ್ಟರೂ ಲಿಗ್ನಿನ್ ಗಟ್ಟಿಯಾಗೇ ಇರುತ್ತದೆ. ಜೊತೆಗೆ ಇನ್ನೊಂದು ಕೆಡುಕು. ನೆನೆದ ಪಟ್ಟಿ ಅಗಲಕ್ಕೆ ಉಬ್ಬುತ್ತದೆ. ಉಬ್ಬಿದ್ದನ್ನೇ ಅಂಟಿಸಿದರೆ ಒಣಗಿದಾಗ ಕುಗ್ಗಿ, ಪಟ್ಟಿ ಪಟ್ಟಿಯ ನಡುವೆ ಸಂದು ಬೀಳುತ್ತದೆ.

ಮೈಸೂರಿನ ಬಂಬೂ ಬಜಾರಿನಲ್ಲಿ ಬಿದಿರನ್ನು ಬೆಂಕಿಗೆ ಹಿಡಿದು ಸೊಟ್ಟ ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಕಣ್ಣೆದುರಿಗೇ ಇದ್ದ ಪಾಠ ಪಟ್ಟಿ ಮುರಿದ ಮೇಲೆ ತಲೆಗೆ ಹತ್ತಿತು.

ಇನ್ನು ನನಗೆ ಬಲು ಇಷ್ಟವಾದ ಲೆಕ್ಕ. ಹಲಗೆ ಬಾಗಿದಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಎಷ್ಟು ಅಂದರೆ, ದಪ್ಪವನ್ನು ತಿರುವಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ದೊಡ್ಡ ಹಡಗಿನಲ್ಲಿ 100 ಮಿಲಿಮೀಟರ್ ದಪ್ಪದ ಹಲಗೆ ಎರಡು ಮೀಟರ್ ತ್ರಿಜ್ಯದಲ್ಲಿ ಬಾಗಿದರೆ ಶೇ 2.5. ನಮ್ಮ ಮಾದರಿಯಲ್ಲಿ 2 ಮಿಲಿಮೀಟರ್ ಪಟ್ಟಿ, 40 ಮಿಲಿಮೀಟರ್ ತ್ರಿಜ್ಯ. ಅಲ್ಲೂ ಶೇ 2.5! ದಪ್ಪವೂ ತಿರುವೂ ಒಂದೇ ಪ್ರಮಾಣದಲ್ಲಿ ಕಿರಿದಾದವು, ಕಷ್ಟ ಮಾತ್ರ ಹಾಗೇ ಉಳಿಯಿತು. ವಾಡಿಯಾ ಬಡಗಿಗಳ ಹಲಗೆಗೆ ಬಿದ್ದ ಬಿಗಿತವೇ ನಮ್ಮ ಊಟದ ಮೇಜಿನ ಮೇಲಿನ ಪಟ್ಟಿಗೂ ಬೀಳುತ್ತದೆ.

ಕಾಲದ ಲೆಕ್ಕ ಬೇರೆ. ಉಗಿಪೆಟ್ಟಿಗೆಯಲ್ಲಿ ಹಲಗೆ ಬೇಯಿಸುವವರು ಅಂಗುಲ ದಪ್ಪಕ್ಕೆ ಒಂದು ಗಂಟೆ ಅಂತಾರೆ. ನಾಲ್ಕಂಗುಲಕ್ಕೆ ನಾಲ್ಕು ಗಂಟೆ. ಆದರೆ ಬಿಸಿ ಒಳಗಿಳಿಯುವ ಹೊತ್ತು ದಪ್ಪದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. ದಪ್ಪ 50 ಪಟ್ಟು ಕಡಿಮೆಯಾದರೆ ಹೊತ್ತು 2500 ಪಟ್ಟು ಕಡಿಮೆ. ನಾಲ್ಕು ಗಂಟೆ ಹೋಗಿ ಆರು ಸೆಕೆಂಡಿಗೆ ಬಂದು ನಿಲ್ಲುತ್ತದೆ!

ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ವ್ಯತ್ಯಾಸ ಇದೆ. ಬಿಸಿಯಾದ ಮರ ಒಂದೆರಡು ಶೇಕಡಾಕ್ಕಿಂತ ಜಾಸ್ತಿ ಹಿಗ್ಗುವುದಿಲ್ಲ, ಆದರೆ ಅದರ ಎಷ್ಟೋ ಪಟ್ಟು ಕುಗ್ಗುತ್ತದೆ. ಸೀರೆಯನ್ನು ಎಳೆದು ಉದ್ದ ಮಾಡಲಾಗದು, ನೆರಿಗೆ ಹಿಡಿದು ಗಿಡ್ಡ ಮಾಡಬಹುದು, ಅಲ್ವಾ? ಒಳಮೈಯ ನಾರುಗಳು ಹಾಗೆ ನೆರಿಗೆಯಾಗುತ್ತವೆ. ಮೈಕೆಲ್ ಥೋನೆಟ್ ಎಂಬ ಕುಶಲಿ ಬಗ್ಗಿಸಿದ ಮರದ ಕುರ್ಚಿಗಳಿಗೆ ಹೆಸರಾದದ್ದು ಇದೇ ಗುಟ್ಟಿನಿಂದ. ಹೊರಮೈಗೆ ಲೋಹದ ಪಟ್ಟಿ ಬಿಗಿದು, ಹಿಗ್ಗಲು ಬಿಡದೆ, ಬರೀ ಕುಗ್ಗುವಂತೆ ಮಾಡುತ್ತಿದ್ದರು. 1859ರ ಅವರ 14ನೇ ನಂಬರಿನ ಕುರ್ಚಿ ಇಂದಿಗೂ ಪ್ರಸಿದ್ಧ. ಮೂತಿಯ ತೀರಾ ಕಿರಿದಾದ ತಿರುವಿಗೆ ನಾವೂ ಹೊರಗಡೆ ಒಂದು ತೆಳು ಹಿತ್ತಾಳೆ ತಗಡು ಹಿಡಿಯುತ್ತೇವೆ.

ಇದೆಲ್ಲ ಹಳೇ ಕಾಲದ ಮಾತಲ್ಲ. ಅಜಂತಾದ ಚಿತ್ರ ನೋಡಿ ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದರ ಹಲಗೆಗಳನ್ನು ಉಗಿಯಲ್ಲಿ ಬಗ್ಗಿಸಿ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದಕ್ಕೂ ಮೊದಲು ಐಐಟಿ ಮದ್ರಾಸಿನಲ್ಲಿ ಒಂದು ಪುಟ್ಟ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದ್ದರು.

ಈಗ ನಮ್ಮ ಕೆಲಸ ಹೀಗೆ ನಡೆಯುತ್ತದೆ. ಭಾವ ಪಟ್ಟಿಯನ್ನು ಬಟ್ಟಲಿನ ನೀರಿನಲ್ಲಿ ಒಂದು ನಿಮಿಷ ಅದ್ದಿ ಕೊಡುತ್ತಾರೆ. ಹಳೆಯ ಸೋಲ್ಡರಿಂಗ್ ಐರನ್ನಿಗೆ ಹಿತ್ತಾಳೆ ಕೊಳವೆ ಸಿಕ್ಕಿಸಿಕೊಂಡಿದ್ದೇನೆ, ಅದರ ಮೇಲಿಟ್ಟು ಮೆಲ್ಲಗೆ ಒತ್ತುತ್ತೇನೆ. ಚುಯ್ ಅಂತ ಆವಿ ಏಳುತ್ತದೆ, ಬೆಂದ ಮರದ ವಾಸನೆ ಬರುತ್ತದೆ. ಐದಾರು ಸೆಕೆಂಡಿನಲ್ಲಿ ಬೆರಳಿಗೆ ಗೊತ್ತಾಗುತ್ತದೆ, ಅಷ್ಟು ಹೊತ್ತು ಎದುರು ನಿಂತಿದ್ದ ಮರ ಒಮ್ಮೆಲೇ ಒಪ್ಪಿಕೊಂಡುಬಿಡುತ್ತದೆ. ತಕ್ಷಣ ಮೂತಿಗೆ ಕೂರಿಸಿ ಬಟ್ಟೆ ಕ್ಲಿಪ್ ಹಾಕುತ್ತೇವೆ. ಆರುವ ಮೊದಲೇ ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತದೆ. ಹಾಗಾಗಿ ಅಕ್ಕನ ಮಗಳು ಕ್ಲಿಪ್ಪಿನ ಮೇಲೆ ಬೆರಳಿಟ್ಟು ಕಾಯುತ್ತಾಳೆ.

"ಮಾಮ, ತಣ್ಣಗಾಯ್ತು. ಬಿಡ್ಲಾ?"

"ಇನ್ನು ಹತ್ತು ಎಣಿಸು."