ಪದ ಪರಿಚಯ: ಇಂಡೀ ರಾಕ್

ವಿಜಯಪುರ ಜಿಲ್ಲೆಯ ಇಂಡಿಗೂ ಅಲ್ಲಿನ ನಿಂಬೆಹಣ್ಣಿಗೂ ಈ ಪದಕ್ಕೂ ನಂಟಿಲ್ಲ. ಇಂಡೀ ರಾಕ್ ಎಂಬುದು ರಾಕ್ ಸಂಗೀತದ ಒಂದು ಬಗೆ. ಅದರೊಳಗಿನ ‘ಇಂಡೀ’, ‘ಇಂಡಿಪೆಂಡೆಂಟ್’ ಎಂಬುದರ ಬಾಲ ಕತ್ತರಿಸಿ ಉಳಿಸಿಕೊಂಡ ತುಂಡು. ಅರ್ಥ ಸ್ವತಂತ್ರ. ಯಾರಿಂದ ಸ್ವತಂತ್ರ ಎಂದು ಕೇಳಿದರೆ ಮಾತ್ರ ಒಂದೊಂದು ಕಾಲದವರು ಒಂದೊಂದು ಉತ್ತರ ಕೊಡುತ್ತಾರೆ.

ಮೊದಮೊದಲು ಅದು ಬರೀ ದುಡ್ಡಿನ ಮಾತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ಮನೆಯವರು, ಗೆಳೆಯರ ಬಳಿ ಸುಮಾರು 500 ಪೌಂಡ್ ಕೈಗಡ ತಂದು, ನಾಲ್ಕು ಹಾಡುಗಳ ರೆಕಾರ್ಡೊಂದನ್ನು ತಾವೇ ಹೊರತಂದರು. ಮೊದಲು ಒತ್ತಿಸಿದ್ದು ಸಾವಿರ ಪ್ರತಿ. ಬೇಡಿಕೆ ಎಷ್ಟಿತ್ತೆಂದರೆ ಕೊನೆಗೆ ಸುಮಾರು 16,000 ಹೋದವು. ದೊಡ್ಡ ಕಂಪನಿಯ ಬಾಗಿಲು ಕಾಯದೆಯೂ ರೆಕಾರ್ಡ್ ಮಾಡಬಹುದು ಎಂಬ ಗುಟ್ಟು ರಟ್ಟಾಯಿತು. ಮರುವರ್ಷ ಲಂಡನ್ನಿನ ರಫ್ ಟ್ರೇಡ್ ಎಂಬ ರೆಕಾರ್ಡ್ ಅಂಗಡಿ ತಾನೇ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ತೆರೆಯಿತು. 1980ರಲ್ಲಿ ಬ್ರಿಟನ್ನಿನಲ್ಲಿ ಇಂಡೀ ಚಾರ್ಟ್ ಎಂಬ ಮಾರಾಟದ ಪಟ್ಟಿ ಶುರುವಾದಾಗ ಅದಕ್ಕೆ ಹಾಡಿನ ಶೈಲಿ ಬೇಕಾಗಿರಲಿಲ್ಲ. ರೆಕಾರ್ಡನ್ನು ಅಂಗಡಿಗೆ ತಲುಪಿಸಿದ್ದು ಯಾರು, ದೊಡ್ಡ ಕಂಪನಿಯೋ ಸ್ವತಂತ್ರರೋ ಎಂಬುದಷ್ಟೇ ಲೆಕ್ಕ. ಹಾಗಾಗಿಯೇ ಪಾಪ್ ಗಾಯಕಿ ಕೈಲಿ ಮಿನೋಗ್ ಅವರ ಅಪ್ಪಟ ಡಾನ್ಸ್ ಪಾಪ್ ಕೂಡ ಆ ಪಟ್ಟಿಯ ತುದಿಗೇರಿತ್ತು. ಈಗಿನವರಿಗೆ ಇದನ್ನು ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ.

1986ರಲ್ಲಿ ಒಂದು ಬ್ರಿಟಿಷ್ ಸಂಗೀತ ಪತ್ರಿಕೆ 22 ತಂಡಗಳ ಹಾಡುಗಳ ಕ್ಯಾಸೆಟ್ ಹೊರತಂದಿತು. ಕಿಣಿಕಿಣಿ ಎನ್ನುವ ಗಿಟಾರು, ಸಂಕೋಚದ ಮುದ್ದೆಯಂಥ ದನಿ. ಅಲ್ಲಿಂದಾಚೆಗೆ ಇಂಡೀ ಎಂದರೆ ಇಂಥದೇ ಸದ್ದು ಎಂದಾಯಿತು. ದುಡ್ಡು ಯಾರದಾದರೂ ಆಗಲಿ, ಸದ್ದು ಇಂಡೀ ಇದ್ದರೆ ಸಾಕು. ನ್ಯೂಯಾರ್ಕಿನ ಸ್ಟ್ರೋಕ್ಸ್ ತಂಡ 2001ರಲ್ಲಿ ಅಮೆರಿಕದಲ್ಲಿ ಮೊದಲ ಆಲ್ಬಂ ತಂದದ್ದು ಆರ್‌ಸಿಎ ಎಂಬ ಭಾರಿ ಕಂಪನಿಯಿಂದ. ಆ ದಶಕದ ಇಂಡೀ ರಾಕ್ ಎಂದರೆ ಎಲ್ಲರೂ ಮೊದಲು ಹೇಳುವುದು ಅವರದೇ ಹೆಸರು.

ಈಚಿನ ಹತ್ತು ವರ್ಷಗಳಲ್ಲಿ ಈ ಎರಡನೆಯ ಅರ್ಥವೂ ಸಡಿಲಾಗಿದೆ. ನನ್ನ ಕಿವಿಗೆ ಕೇಳುವ ಹಾಗೆ, ಇಂಡೀ ಉಳಿದು ರಾಕ್ ಸವೆದಿದೆ. ನಾಲ್ವರು ಹುಡುಗರು, ಬಾಡಿಗೆ ಸ್ಟುಡಿಯೋ, ಜೋರು ಡ್ರಮ್ಸು ಈಗ ಕಡ್ಡಾಯವಲ್ಲ. ಲ್ಯಾಪ್‌ಟಾಪಿದ್ದರೆ ಮಲಗುವ ಕೋಣೆಯೇ ಸ್ಟುಡಿಯೋ. 2017ರಲ್ಲಿ ಕ್ಲೈರೋ ಎಂಬ ಹುಡುಗಿ ತನ್ನ ಕೋಣೆಯಲ್ಲಿ ಕುಳಿತು ವೆಬ್‌ಕ್ಯಾಮ್‌ನಲ್ಲಿ ಹಿಡಿದ ವಿಡಿಯೋ ಯೂಟ್ಯೂಬಿನಲ್ಲಿ ಹಬ್ಬಿದ ಮೇಲೆ ‘ಬೆಡ್‌ರೂಮ್ ಪಾಪ್’ ಎಂಬ ಹೆಸರು ಮನೆಮಾತಾಯಿತು. ಚಿಕ್ಕ ಲೇಬಲ್ಲಿನ ಗಾಯಕಿ ಮಿಟ್ಸ್ಕಿ 2023ರಲ್ಲಿ ಹಾಡಿದ, ಎರಡು ನಿಮಿಷ ಚಿಲ್ಲರೆಯ ಒಂದು ನಿಧಾನದ ಹಾಡು ಟಿಕ್‌ಟಾಕಿನಿಂದ ಮೇಲೆದ್ದು ಅಮೆರಿಕದ ಮುಖ್ಯ ಚಾರ್ಟಿನ ಮೊದಲ ನಲವತ್ತರೊಳಗೆ ಬಂತು. ಬಾಯ್‌ಜೀನಿಯಸ್ ಎಂಬ ಮೂವರು ಹಾಡುಗಾರ್ತಿಯರ ತಂಡ 2018ರಲ್ಲಿ ಸ್ವತಂತ್ರ ಲೇಬಲ್ಲಿನಲ್ಲಿತ್ತು. 2023ರ ಹೊತ್ತಿಗೆ ದೊಡ್ಡ ಕಂಪನಿಗೆ ಹೋಗಿ, ಮರುವರ್ಷ ಮೂರು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು. ‘ಮಾರಿಕೊಂಡರು’ ಎಂಬ ಹಳೆಯ ಬೈಗುಳ ಹೆಚ್ಚೇನೂ ಕೇಳಿಬರಲಿಲ್ಲ. ಅದಕ್ಕೂ ಮೊದಲೇ, 2020ರಲ್ಲಿ, ಇಂಡೀ ತಂಡವಾದ ದಿ ನ್ಯಾಷನಲ್‌ನ ಆರನ್ ಡೆಸ್ನರ್, ಪಾಪ್ ತಾರೆ ಟೇಲರ್ ಸ್ವಿಫ್ಟ್ ಅವರ ಜೊತೆ ಕೂತು ಹಾಡು ಕಟ್ಟಿದ್ದರು. ಮೂಲೆಯ ಸದ್ದು ನಡುಮನೆಗೆ ಬಂದದ್ದು ಹೀಗೆ.

ಇಂಥ ತಂಡಗಳನ್ನು ಎತ್ತಿ ಹಿಡಿಯುತ್ತಿದ್ದ ಪಿಚ್‌ಫೋರ್ಕ್ ಎಂಬ ವಿಮರ್ಶೆಯ ತಾಣವನ್ನು 2024ರ ಜನವರಿಯಲ್ಲಿ ಅದರ ಮಾಲೀಕರು ಗಂಡಸರ ಫ್ಯಾಷನ್ ಪತ್ರಿಕೆಯೊಂದರ ಕೆಳಗೆ ಸೇರಿಸಿದರು. ಅದೇ ವರ್ಷ, ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಕಂಪನಿ ಒಂದು ನಿಯಮ ತಂದಿತು: 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗಿಗೆ ರಾಯಲ್ಟಿ ಇಲ್ಲ. ಹಾಡು ಲೋಕಕ್ಕೆಲ್ಲ ತಲುಪಿಸಲು ಈಗ ಕಂಪನಿ ಬೇಕಿಲ್ಲ, ನಿಜ; ಆದರೆ ಕಾಸು ಎಣಿಸುವ ಕೈ ಮತ್ತೆ ಬೇರೆಯವರದೇ. ಯಾರಿಂದ ಸ್ವತಂತ್ರ ಎಂಬ ಮೊದಲ ಪ್ರಶ್ನೆ ಹೀಗೆ ಸುತ್ತಿ ಬಂದು ಎದುರು ನಿಂತಿದೆ.

ನಮ್ಮಲ್ಲಿ ಈ ಪದದ ದಾರಿಯೇ ಬೇರೆ. ಭಾರತದಲ್ಲಿ ಇಂಡೀ ಅನ್ನುವುದು ಸಿನಿಮಾದಿಂದ ಹೊರಗಿರುವುದಕ್ಕೆ. ಬೆಂಗಳೂರಿನಲ್ಲಿ ಇಂಗ್ಲಿಷ್ ರಾಕ್ ನುಡಿಸುವ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, ಜನಪದದ ಧಾಟಿ ಬೆರೆಸುವ ಸ್ವರಾತ್ಮ, ರಘು ದೀಕ್ಷಿತ್ ಎಲ್ಲರಿಗೂ ಇದೇ ಚೀಟಿ ಅಂಟಿದೆ. ರಘು ದೀಕ್ಷಿತ್ ಸಿನಿಮಾಕ್ಕೂ ಸಂಗೀತ ಕೊಟ್ಟಿದ್ದಾರೆ, ಚೀಟಿ ಕಳಚಿಲ್ಲ. ಈ ಅಳತೆಗೋಲನ್ನು ಪಟ್ಟಾಗಿ ಹಿಡಿದರೆ, ಸಿ. ಅಶ್ವಥ್ ಅವರ ಭಾವಗೀತೆಗಳ ಕ್ಯಾಸೆಟ್ಟುಗಳನ್ನೂ ಇಂಡೀ ಕಪಾಟಿನಲ್ಲೇ ಇಡಬೇಕಾಗುತ್ತದೆ. ನಾನಂತೂ ಇಟ್ಟಿದ್ದೇನೆ.