ಮರ ಹಾಕಿದ ಹೊಲ, ಬೇಸಿಗೆಯ ಬೆಂಕಿ

ಸಂಡೂರು ಗುಡ್ಡಗಳ ಬುಡದಲ್ಲಿ, ಕೊಪ್ಪಳ-ಗಂಗಾವತಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲಗಳಲ್ಲಿ ಶ್ರೀಗಂಧ, ತೇಗ, ಹೆಬ್ಬೇವು ಹಾಕಿದವರು ಈಗ ಬಹಳ ಮಂದಿ ಇದ್ದಾರೆ. 2001ರ ಕಾನೂನು ತಿದ್ದುಪಡಿ ಆದ ಮೇಲೆ ಸ್ವಂತ ಜಮೀನಿನ ಶ್ರೀಗಂಧ ಜಮೀನುದಾರರದ್ದೇ ಆಯಿತು, ಆಸೆಯೂ ಹುಟ್ಟಿತು. ತೋಟ ತೋರಿಸಲು ಕರೆದವರು ಗೊಬ್ಬರ ಕೇಳುತ್ತಾರೆ, ನೀರು ಕೇಳುತ್ತಾರೆ, ಕಳ್ಳರ ಕಾಟ ಹೇಳಿಕೊಳ್ಳುತ್ತಾರೆ. ಬೆಂಕಿಯ ಮಾತು ಬರುವುದು ಮಾರ್ಚ್‌ನಲ್ಲಿ, ಎಲ್ಲಾ ಸುಟ್ಟ ಮೇಲೆ. ಬೆಂಕಿ ತಡೆಯುವ ಕೆಲಸ ಹಿಂಗಾರಿ ಬಿತ್ತನೆ ಮುಗಿದ ಕೂಡಲೇ, ನವೆಂಬರ್‌ನಲ್ಲೇ ಶುರುವಾಗಬೇಕು.

ನಾನು ಹೊಲಕ್ಕೆ ಹೋದರೆ ಮೊದಲು ಬದು ನೋಡುತ್ತೇನೆ. ಬದುವಿನ ಮೇಲೆ ಕುಂಟೆ ಹಾಯುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಬೆಳೆದ ಹುಲ್ಲು ಡಿಸೆಂಬರ್ ಹೊತ್ತಿಗೆ ಒಣಗಿ ನಿಂತಿರುತ್ತದೆ. ಅದಕ್ಕೆ ಅಂಟಿಕೊಂಡೇ ಬಳ್ಳಾರಿ ಜಾಲಿಯ ಒಣ ಮುಳ್ಳಿನ ಬೇಲಿ. ದನ ಬರಬಾರದು ಅಂತ ಹಾಕಿದ ಆ ಬೇಲಿ ಬೇಸಿಗೆಯಲ್ಲಿ ಪಟಾಕಿಯ ಬತ್ತಿ ಇದ್ದಂತೆ. ಪಕ್ಕದವರು ಹತ್ತಿ ಕಟ್ಟಿಗೆಗೋ ಭತ್ತದ ಹುಲ್ಲಿಗೋ ಕಡ್ಡಿ ಗೀರಿದರೆ ಸಾಕು, ಬೆಂಕಿ ಬೇಲಿ ಹಿಡಿದು ನೇರವಾಗಿ ನಿಮ್ಮ ಗಿಡಗಳ ಸಾಲಿಗೆ ಬರುತ್ತದೆ. ಬೇಲಿ ಬೇಕೇ ಬೇಕು ಅಂದರೆ ಕಳ್ಳಿ, ಕತ್ತಾಳೆ ನೆಡಿ. ರಸ ತುಂಬಿದ ಗಿಡ ಬೇಗ ಉರಿಯುವುದಿಲ್ಲ. ಕತ್ತಾಳೆಯ ಬುಡದ ಒಣ ಎಲೆಗಳನ್ನು ಮಾತ್ರ ವರ್ಷಕ್ಕೊಮ್ಮೆ ಕೊಯ್ದು ಹಾಕಿ.

ಆಮೇಲೆ ಬೆಂಕಿ ರೇಖೆ. ಹೊಲದ ಸುತ್ತ ಬರೀ ಮಣ್ಣು ಕಾಣುವ ಪಟ್ಟಿ. ಸಮತಟ್ಟಾದ ಕಡೆ ನಾನು 12ರಿಂದ 15 ಅಡಿ ಹೇಳುತ್ತೇನೆ. ಟ್ರ್ಯಾಕ್ಟರ್‌ಗೆ ಅದು ಎರಡು-ಮೂರು ಸುತ್ತಿನ ಕೆಲಸ, ಮಣ್ಣಿನಲ್ಲಿ ಪಸೆ ಇರುವಾಗ ಸಲೀಸು. ಇಳಿಜಾರಿದ್ದರೆ ಕೆಳಬದಿಯ ಪಟ್ಟಿ ಇದರ ಎರಡರಷ್ಟು ಇರಲಿ. ಬೆಂಕಿ ಮೇಲಕ್ಕೇ ಓಡುತ್ತದೆ. ಏರು 10 ಡಿಗ್ರಿ ಹೆಚ್ಚಾದರೆ ಅದರ ವೇಗ ಹೆಚ್ಚುಕಡಿಮೆ ದುಪ್ಪಟ್ಟು ಆಗುತ್ತದೆ. ಮೇಲ್ಬದಿಯ ಪಟ್ಟಿಯನ್ನೂ ಬಿಡಬೇಡಿ. ನಿಮ್ಮ ಹೊಲದ ಮೇಲೆ ಮೀಸಲು ಅರಣ್ಯ ಇದ್ದರೆ, ನಿಮ್ಮಲ್ಲಿ ಹೊತ್ತಿದ ಬೆಂಕಿ ಗುಡ್ಡಕ್ಕೆ ಹತ್ತುವುದು ಅಲ್ಲಿಂದಲೇ. ಆ ಗುಡ್ಡದಲ್ಲಿ ಕರಡಿ, ನವಿಲು ಎಲ್ಲಾ ಇವೆ, ಅಲ್ವಾ?

ಒಮ್ಮೆ ರೇಖೆ ಹೊಡೆದು ಮರೆತುಬಿಡುವವರೇ ಜಾಸ್ತಿ. ಜನವರಿಯಿಂದ ತೇಗದ ಎಲೆ ಉದುರುತ್ತದೆ, ಪಟ್ಟಿ ಪೂರ್ತಿ ಮುಚ್ಚಿಹೋಗುತ್ತದೆ. ಎಲೆ ಮುಚ್ಚಿದ ರೇಖೆ ಇದ್ದೂ ಇಲ್ಲದಂತೆ. ಫೆಬ್ರವರಿಯಲ್ಲಿ ಇನ್ನೊಮ್ಮೆ ಕುಂಟೆ ಹೊಡೆಯಲೇಬೇಕು.

ಹಾಗಂತ ಕಳೆನಾಶಕ ಹೊಡೆದು ಇಡೀ ಹೊಲ ಬೋಳು ಮಾಡಬೇಡಿ. ಶ್ರೀಗಂಧ ಬೇರೆ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಬದುಕುವ ಮರ. ಪಕ್ಕದ ಹೊಂಗೆ, ತೊಗರಿ ತೆಗೆದರೆ ಅದೂ ಸೊರಗುತ್ತದೆ. ಮಸಾರಿ ಮಣ್ಣು ಬೋಳಾದರೆ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ನೆಲದ ಹುಲ್ಲಿನ ಬೆಂಕಿ ಮರದ ನೆತ್ತಿಗೆ ಹತ್ತಬಾರದು, ಅಷ್ಟೇ ನಮಗೆ ಬೇಕಾದದ್ದು. ಮರದ ಬುಡದ ಲಂಟಾನ, ಜಾಲಿ ಪೊದೆ ಕೀಳಿ. ತೇಗ, ಹೆಬ್ಬೇವಿನ ಕೆಳಗಿನ ಕೊಂಬೆಗಳನ್ನು ಮರದ ಎತ್ತರದ ಮೂರನೇ ಒಂದು ಭಾಗದವರೆಗೆ ಸವರಿ. ಸವರಿದ್ದನ್ನು ಅಲ್ಲೇ ರಾಶಿ ಹಾಕದೆ ಟ್ರೆಂಚ್‌ಗೆ ತುಂಬಿ ಮಣ್ಣು ಮುಚ್ಚಿ. ಬುಡಕ್ಕೆ ಹಾಸಿದ ಒಣಹುಲ್ಲನ್ನೂ ಜನವರಿಯಲ್ಲಿ ಎರಡು ಅಡಿ ದೂರ ಸರಿಸಿ. ಅದರೊಳಗೆ ಡ್ರಿಪ್ ಪೈಪ್ ಹುದುಗಿರುತ್ತದೆ. ಗಿಡ ಚಿಗುರಿದರೂ ಪೈಪ್ ಚಿಗುರುವುದಿಲ್ಲ.

ಉಳಿದ ಹುಲ್ಲಿಗೆ ಕುರಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಗಿಡದ ತುದಿ ಕುರಿ ಬಾಯಿಗೆ ಸಿಗದಷ್ಟು ಬೆಳೆದ ಮೇಲೆ ಕುರಿಗಾರರನ್ನು ನೀವೇ ಕರೆಯಿರಿ. ಹುಲ್ಲು ಖಾಲಿ, ಗೊಬ್ಬರ ಲಾಭ. ಆಡು ಮಾತ್ರ ಬೇಡ, ಅದು ನಿಂತು ಮೇಯುತ್ತದೆ.

ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ, ಜೋತುಬಿದ್ದ ಕರೆಂಟ್ ತಂತಿ ಕೆಳಗಿನ ಹುಲ್ಲು ಕೀಳಿಸಿ. ಮೆಣಸಿನಕಾಯಿಗೆ ಔಷಧಿ ಹೊಡೆಯುವ ಡ್ರಮ್, ಪಂಪು ಇದ್ದರೆ ಮೇ ಮುಗಿಯುವ ತನಕ ನೀರು ತುಂಬಿಸಿಡಿ. ಬೆಂಕಿ ಕಂಡರೆ ಮೊದಲು 112ಕ್ಕೆ, ಕಾಡಿನ ಅಂಚಾದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಹಸಿ ಬೇವಿನ ಕೊಂಬೆಯಿಂದ ಬಡಿಯುವುದಾದರೆ ಬೆಂಕಿಯ ಹಿಂದಿನಿಂದ, ಪಕ್ಕದಿಂದ ಬಡಿಯಿರಿ. ಅದರ ಎದುರಿಗೆ, ಇಳಿಜಾರಿನ ಮೇಲೆ ನಿಲ್ಲಲೇಬೇಡಿ. ನೈಲಾನ್ ಬಟ್ಟೆ ಬೇಡ.

ಅಷ್ಟಾದರೂ ಸುಟ್ಟರೆ? ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಹಣ ಮೊದಲ ಮೂರು ವರ್ಷ ಬದುಕಿದ ಸಸಿಗಳ ಲೆಕ್ಕದ ಮೇಲೆ ಬರುತ್ತದೆ, ಬೆಂಕಿಗೆ ಬೇಗ ಸಾಯುವುದೂ ಅದೇ ವಯಸ್ಸಿನ ಗಿಡ. ಹಾಗಾಗಿ ಗಾಬರಿಯಲ್ಲಿ ಎಲ್ಲಾ ಕಿತ್ತು ಹಾಕಬೇಡಿ. ಬುಡದ ಹತ್ತಿರ ಚಾಕುವಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಗಾಳಿ ಯಾವ ಕಡೆಯಿಂದ ಬೀಸಿತ್ತೋ ಅದರ ಹಿಂಬದಿಯಲ್ಲಿ ಕೆರೆಯಿರಿ, ಜ್ವಾಲೆ ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ. ಒಳಗೆ ಹಸಿಯಾಗಿ, ಬೆಳ್ಳಗೋ ಹಸಿರೋ ಇದ್ದರೆ ಜೀವ ಇದೆ. ಸುತ್ತಲೂ ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಮೇಲಿನ ಭಾಗ ಹೋಯಿತು, ಬೇರು ಹೋಗಿದೆ ಅಂತಲ್ಲ. ಶ್ರೀಗಂಧಕ್ಕೆ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ಎಳೆ ತೇಗವನ್ನು ಮಳೆಗೆ ಮುಂಚೆ ನೆಲಮಟ್ಟಕ್ಕೆ ಓರೆಯಾಗಿ ಕಡಿಯಿರಿ. ನಾಲ್ಕೈದು ಚಿಗುರು ಬರುತ್ತವೆ. ಮಳೆಗಾಲದ ಕೊನೆಗೆ ಗಟ್ಟಿಯಾದ ಒಂದನ್ನು ಇಟ್ಟುಕೊಂಡು ಮಿಕ್ಕವನ್ನು ತೆಗೆಯಿರಿ.